ಬರ್ಲಿನ್ನಿನ ಎರಡು ಟಾಕ್‌ಗಳು

ನಮ್ಮ ಐಟಿ ಜನಕ್ಕೆ 'ಟಾಕ್' ಕೊಡೋದು ಈಗ ಕೆಲಸದ ಒಂದು ಭಾಗವೇ ಆಗಿಬಿಟ್ಟಿದೆ. ಆಫೀಸಿನಲ್ಲಿ ವರ್ಷಕ್ಕೆ ಒಂದೆರಡು, ಹೊರಗೆ ಮೀಟಪ್ಪು, ಕಾನ್ಫರೆನ್ಸು ಅಂತ ಇನ್ನೊಂದಿಷ್ಟು. ಭಾನುವಾರ ಬೆಳಗ್ಗೆ ಬೆಂಗಳೂರಿನ ಯಾವ ಮೂಲೆಗೆ ಹೋದರೂ ಒಬ್ಬ ಹುಡುಗ ಪ್ರೊಜೆಕ್ಟರ್ ಮುಂದೆ ನಿಂತು ಸ್ಲೈಡ್ ತಿರುಗಿಸುತ್ತಿರುತ್ತಾನೆ, ಹತ್ತಾರು ಜನ ಲ್ಯಾಪ್‌ಟಾಪ್ ತೊಡೆ ಮೇಲಿಟ್ಟುಕೊಂಡು ಪಿಜ್ಜಾ ಬರೋದನ್ನ ಕಾಯುತ್ತಿರುತ್ತಾರೆ :-) ಇಂಥ ಟಾಕ್‌ಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಸಂಜೆ ಹೊತ್ತಿಗೆ ಮರೆತುಹೋಗುತ್ತವೆ. ಉಳಿದ ಒಂದು ಮಾತ್ರ ಕೆಲವೊಮ್ಮೆ ಚರಿತ್ರೆ ಆಗಿಬಿಡುತ್ತದೆ.

ಅಂಥ ಎರಡು ಟಾಕ್‌ಗಳ ಕತೆ ಬರೆಯೋಣ ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ಎರಡನ್ನೂ ಕೊಟ್ಟವನು ಒಬ್ಬನೇ, ರಯಾನ್ ಡಾಲ್ ಅನ್ನೋ ಅಮೆರಿಕದ ಪ್ರೋಗ್ರಾಮರ್. ಎರಡೂ ನಡೆದದ್ದು ಒಂದೇ ಊರಲ್ಲಿ, ಬರ್ಲಿನ್. ಸಮ್ಮೇಳನವೂ ಒಂದೇ, ಜಾವಾಸ್ಕ್ರಿಪ್ಟ್ ಜನ ಸೇರುವ ಜೆಎಸ್‌ಕಾನ್ಫ್ ಯುರೋಪ್. ಮೊದಲನೆಯದು ನವೆಂಬರ್ 2009ರಲ್ಲಿ, ಎರಡನೆಯದು ಜೂನ್ 2018ರಲ್ಲಿ. ಮೊದಲನೆಯದರಲ್ಲಿ ಆತ ತಾನು ಕಟ್ಟಿದ ನೋಡ್.ಜೆಎಸ್ ಅನ್ನೋ ತಂತ್ರಾಂಶವನ್ನ ತೋರಿಸಿದ. ಎರಡನೆಯದರಲ್ಲಿ, ಅಷ್ಟು ಹೊತ್ತಿಗೆ ಜಗತ್ತೆಲ್ಲ ಬಳಸುತ್ತಿದ್ದ ಅದೇ ತಂತ್ರಾಂಶದಲ್ಲಿ ತಾನು ಏನೇನು ಕೆಡಿಸಿದೆ ಅಂತ ಪಟ್ಟಿ ಓದಿದ. ಕಂಪ್ಯೂಟರ್ ಓದದವರು ಈಗಲೇ ಓಡಿಹೋಗಬೇಡಿ, ಮುಂದೆ ದೋಸೆಯ ಉದಾಹರಣೆ ಬರುತ್ತದೆ.

ಸ್ವಲ್ಪ ಹಿನ್ನೆಲೆ

ವೆಬ್ಬಿನ ಚರಿತ್ರೆಯಲ್ಲಿ ಟಾಕ್‌ಗಳಿಗೆ, ಡೆಮೋಗಳಿಗೆ ಮೊದಲಿಂದಲೂ ಒಂದು ಜಾಗ ಇದೆ. 1991ರ ಡಿಸೆಂಬರಿನಲ್ಲಿ ಟೆಕ್ಸಾಸಿನ ಸ್ಯಾನ್ ಆಂಟೋನಿಯೋದಲ್ಲಿ ಹೈಪರ್‌ಟೆಕ್ಸ್ಟ್ ಸಮ್ಮೇಳನ ನಡೆದಾಗ ಟಿಮ್ ಬರ್ನರ್ಸ್-ಲೀ ಕಳಿಸಿದ ಪ್ರಬಂಧವನ್ನ ಒಪ್ಪಲೇ ಇಲ್ಲ. ಹಾಗಾಗಿ ಅಲ್ಲಿ ವರ್ಲ್ಡ್ ವೈಡ್ ವೆಬ್‌ಗೆ ಸಿಕ್ಕಿದ್ದು ಒಂದು ಡೆಮೋ ಮೇಜು ಮಾತ್ರ. 2005ರಲ್ಲಿ ಡೇವಿಡ್ ಹೈನೆಮಯರ್ ಹಾನ್ಸನ್ ಹದಿನೈದು ನಿಮಿಷದಲ್ಲಿ ಒಂದು ಬ್ಲಾಗ್ ಕಟ್ಟಿ ತೋರಿಸಿದ ವಿಡಿಯೋ ರೂಬಿ ಆನ್ ರೈಲ್ಸ್ ಅನ್ನು ಮನೆಮಾತು ಮಾಡಿತು. ನಮ್ಮಲ್ಲೂ ಈ ಗಾಳಿ ಇತ್ತು. 2001ರಲ್ಲಿ ಶುರುವಾದ ಲಿನಕ್ಸ್ ಬ್ಯಾಂಗಲೋರ್ 2005ರಲ್ಲಿ ಫಾಸ್.ಇನ್ ಅಂತ ಹೆಸರು ಬದಲಿಸಿಕೊಂಡು 2012ರವರೆಗೆ ನಡೆಯಿತು. ಜಾವಾಸ್ಕ್ರಿಪ್ಟ್‌ಗೇ ಮೀಸಲಾದ ಜೆಎಸ್‌ಫೂ ಬೆಂಗಳೂರಿನಲ್ಲಿ ಶುರುವಾಗಿದ್ದು 2011ರಲ್ಲಿ, ಅಂದರೆ ಡಾಲ್‌ನ ಮೊದಲ ಟಾಕ್ ಆಗಿ ಎರಡು ವರ್ಷಕ್ಕೆ.

ಈ ಡಾಲ್ ಹುಟ್ಟಿದ್ದು 1981ರಲ್ಲಿ, ಬೆಳೆದಿದ್ದು ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋದಲ್ಲಿ. ಓದಿದ್ದು ಗಣಿತ. ರೋಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿಗೆ ಸೇರಿ ಅಲ್ಜೀಬ್ರಾಯಿಕ್ ಟೊಪಾಲಜಿ ಅನ್ನೋ ಕಬ್ಬಿಣದ ಕಡಲೆ ಅಗಿಯುತ್ತಿದ್ದವನು ಅದನ್ನ ಅರ್ಧಕ್ಕೆ ಬಿಟ್ಟ. ದಕ್ಷಿಣ ಅಮೆರಿಕದ ಚಿಲಿಗೆ ಹೋದ. ಹೊಟ್ಟೆಪಾಡಿಗೆ ಅಂತ ರೂಬಿ ಆನ್ ರೈಲ್ಸ್‌ನಲ್ಲಿ ವೆಬ್‌ಸೈಟ್ ಮಾಡಿಕೊಡೋ ಕೆಲಸ ಹಿಡಿದ. ಆಮೇಲೆ ಜರ್ಮನಿಯ ಕಲೋನ್‌ಗೆ ಬಂದ. ನಮ್ಮ ಕಡೆ ಆಗಿದ್ದಿದ್ದರೆ ಈ ರೆಸ್ಯೂಮೆ ನೋಡಿ ಎಚ್‌ಆರ್‌ನವರು 'ಗ್ಯಾಪ್ ಇದೆಯಲ್ಲ, ಯಾಕೆ?' ಅಂತ ಕೇಳುತ್ತಿದ್ದರು.

ಆತನ ತಲೆಗೆ ಹುಳ ಬಿಟ್ಟಿದ್ದು ಬಹಳ ಸಣ್ಣ ವಿಷಯ: ಪ್ರೋಗ್ರೆಸ್ ಬಾರ್. ಆ ಕಾಲಕ್ಕೆ ಫ್ಲಿಕರ್‌ನಂಥ ತಾಣಕ್ಕೆ ಫೋಟೋ ಹಾಕುವಾಗ ಎಷ್ಟು ಭಾಗ ಹೋಯಿತು, ಎಷ್ಟು ಉಳಿದಿದೆ ಅಂತ ಬ್ರೌಸರ್‌ಗೆ ಗೊತ್ತೇ ಆಗುತ್ತಿರಲಿಲ್ಲ. ಅದು ಮತ್ತೆ ಮತ್ತೆ ಸರ್ವರ್ ಅನ್ನೇ ಕೇಳಬೇಕಿತ್ತು. ಅತ್ತ ಸರ್ವರ್ ಒಂದು ದೊಡ್ಡ ಫೈಲ್ ತಗೊಳ್ಳುತ್ತಾ ಇರಬೇಕು, ಇತ್ತ 'ಎಷ್ಟಾಯ್ತು? ಎಷ್ಟಾಯ್ತು?' ಅಂತ ಬರುವ ಚಿಲ್ಲರೆ ಪ್ರಶ್ನೆಗಳಿಗೂ ಉತ್ತರ ಕೊಡುತ್ತಿರಬೇಕು. ಒಬ್ಬೊಬ್ಬ ಗಿರಾಕಿಗೂ ಒಂದೊಂದು ಥ್ರೆಡ್ ಕೊಡುವ ಸರ್ವರ್‌ಗಳಿಗೆ ಇದು ತಲೆನೋವು. ಸಮಸ್ಯೆ ಹೊಸದಲ್ಲ. 1999ರಲ್ಲೇ ಡ್ಯಾನ್ ಕೆಗೆಲ್ ಇದಕ್ಕೆ 'ಸಿ10ಕೆ' ಅಂತ ಹೆಸರಿಟ್ಟಿದ್ದ, ಅಂದರೆ ಒಂದೇ ಯಂತ್ರ ಏಕಕಾಲಕ್ಕೆ ಹತ್ತು ಸಾವಿರ ಸಂಪರ್ಕಗಳನ್ನ ಸಂಭಾಳಿಸೋದು ಹೇಗೆ ಅನ್ನೋ ಪ್ರಶ್ನೆ. ರಷ್ಯಾದ ಇಗೊರ್ ಸಿಸೋಯೆವ್ 2004ರಲ್ಲಿ ಹೊರಬಿಟ್ಟ ಎಂಜಿನ್‌ಎಕ್ಸ್ ಸರ್ವರ್ ಇದಕ್ಕೆ ಒಂದು ಉತ್ತರವನ್ನೂ ಕೊಟ್ಟಿತ್ತು. ಆದರೆ ನಮ್ಮ ನಿಮ್ಮಂಥ ಸಾಮಾನ್ಯ ಪ್ರೋಗ್ರಾಮರ್ ದಿನನಿತ್ಯ ಬರೆಯುವ ಕೋಡ್ ಹಾಗಿರಲಿಲ್ಲ.

ಡಾಲ್ ರೂಬಿಗಾಗಿ ಸಿ ಭಾಷೆಯಲ್ಲಿ ಎಬ್ ಅನ್ನೋ ಸರ್ವರ್ ಬರೆದ. ಲುವಾ, ಹ್ಯಾಸ್ಕೆಲ್ ಎಲ್ಲ ಪ್ರಯತ್ನಿಸಿದ. ಯಾವುದೂ ಮನಸ್ಸಿಗೆ ಬರಲಿಲ್ಲ. ಅಷ್ಟರಲ್ಲಿ 2008ರ ಸೆಪ್ಟೆಂಬರ್‌ನಲ್ಲಿ ಗೂಗಲ್ ಕ್ರೋಮ್ ಬಂತು, ಅದರ ಹೊಟ್ಟೆಯಲ್ಲಿ ವಿ8 ಅನ್ನೋ ವೇಗದ ಜಾವಾಸ್ಕ್ರಿಪ್ಟ್ ಎಂಜಿನ್ ಇತ್ತು, ಅದೂ ಮುಕ್ತ ಆಕರದ್ದು. ಡಾಲ್ ಅದನ್ನ ಬ್ರೌಸರ್‌ನಿಂದ ಬಿಡಿಸಿ ತಂದು ಸರ್ವರ್‌ಗೆ ಕೂರಿಸಿದ. 2009ರ ಮೇ ತಿಂಗಳಲ್ಲಿ ನೋಡ್‌ನ ಮೊದಲ ಆವೃತ್ತಿ ಹೊರಬಂತು.

ಸರ್ವರ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸಿದವರಲ್ಲಿ ಈತನೇ ಮೊದಲಿಗ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗೇನಿಲ್ಲ. ನೆಟ್‌ಸ್ಕೇಪ್ ಕಂಪನಿ 1990ರ ದಶಕದ ನಡುವಿನಲ್ಲೇ ಲೈವ್‌ವೈರ್ ಅಂತ ಒಂದನ್ನ ಮಾಡಿತ್ತು, ಯಾರೂ ಅಷ್ಟಾಗಿ ಮೂಸಲಿಲ್ಲ. ಜಾವಾಸ್ಕ್ರಿಪ್ಟ್ ಅಂದರೆ ಪುಟದ ಮೇಲೆ ಹಿಮ ಬೀಳಿಸೋದು, ಅಲರ್ಟ್ ಬಾಕ್ಸ್ ತೋರಿಸಿ ಪ್ರಾಣ ತೆಗೆಯೋದು ಅನ್ನೋ ಅಭಿಪ್ರಾಯವೇ ಬಹಳ ವರ್ಷ ಇತ್ತು. ಹಾಗಾದರೆ ಡಾಲ್‌ನ ಪ್ರಯತ್ನ ಮಾತ್ರ ಯಾಕೆ ಹತ್ತಿಕೊಂಡಿತು? ಉತ್ತರ ಆ ಮೊದಲ ಟಾಕ್‌ನಲ್ಲೇ ಇದೆ.

ಮೊದಲ ಟಾಕ್: 8 ನವೆಂಬರ್ 2009

ಅವತ್ತು ಡಾಲ್‌ಗೆ 28 ವರ್ಷ. ನನ್ನ ಹತ್ತಿರ ಹತ್ತಿರದ ವಯಸ್ಸು (ಅಂತ ನೆನೆಸಿಕೊಂಡಾಗಲೆಲ್ಲ ಸ್ವಲ್ಪ ಹೊಟ್ಟೆ ಉರಿಯುತ್ತದೆ). ಬೆನ್ನಿಗೆ ಯಾವ ದೊಡ್ಡ ಕಂಪನಿಯೂ ಇರಲಿಲ್ಲ. ವಿಡಿಯೋ ಈಗಲೂ ಸಿಗುತ್ತದೆ, ನೋಡಿ. ನಾಟಕವಿಲ್ಲ, ಜೋಕುಗಳ ಭರಾಟೆಯಿಲ್ಲ. ಮಾತು ಶುರುವಾದ ಸ್ವಲ್ಪ ಹೊತ್ತಿಗೇ ಒಂದು ಸಾಲಿನ ಕೋಡ್ ತೋರಿಸುತ್ತಾನೆ: ಡೇಟಾಬೇಸ್‌ಗೆ ಒಂದು ಪ್ರಶ್ನೆ ಕಳಿಸಿ, ಉತ್ತರವನ್ನ ಒಂದು ವೇರಿಯಬಲ್‌ನಲ್ಲಿ ಇಟ್ಟುಕೊಳ್ಳುವ ಸಾಲು. ನಾವೆಲ್ಲ ದಿನಾ ಬರೆಯುವಂಥದ್ದು. ಆಮೇಲೆ ಕೇಳುತ್ತಾನೆ: ಆ ಉತ್ತರ ಬರೋವರೆಗೂ ನಿಮ್ಮ ಪ್ರೋಗ್ರಾಂ ಏನು ಮಾಡುತ್ತಿರುತ್ತದೆ? ಏನೂ ಇಲ್ಲ, ಸುಮ್ಮನೆ ಕಾಯುತ್ತಿರುತ್ತದೆ.

ಎಷ್ಟು ಹೊತ್ತು ಕಾಯುತ್ತದೆ ಅನ್ನೋದಕ್ಕೆ ಒಂದು ಪಟ್ಟಿ ಕೊಟ್ಟ. ಪ್ರೊಸೆಸರ್ ತನ್ನ ಪಕ್ಕದಲ್ಲೇ ಇರುವ ಎಲ್1 ಕ್ಯಾಶ್‌ನಿಂದ ಮಾಹಿತಿ ತರೋದಕ್ಕೆ 3 ಸೈಕಲ್, ಎಲ್2ಗೆ 14, ಮೆಮೊರಿಗೆ 250. ಡಿಸ್ಕಿನಿಂದ ತರೋದಕ್ಕೆ 4 ಕೋಟಿ 10 ಲಕ್ಷ. ನೆಟ್‌ವರ್ಕ್‌ನಿಂದ ತರೋದಕ್ಕೆ 24 ಕೋಟಿ! ಒಂದು ಸೈಕಲ್ ಅಂದರೆ ಒಂದು ಸೆಕೆಂಡ್ ಅಂತ ಇಟ್ಟುಕೊಂಡು ನಾನೇ ಲೆಕ್ಕ ಹಾಕಿ ನೋಡಿದೆ. ಎಲ್1ಗೆ ಮೂರು ಸೆಕೆಂಡ್, ಮೆಮೊರಿಗೆ ನಾಲ್ಕು ನಿಮಿಷ. ಡಿಸ್ಕಿಗೆ ಒಂದು ವರ್ಷ ಮೂರೂವರೆ ತಿಂಗಳು. ನೆಟ್‌ವರ್ಕಿಗೆ ಏಳೂವರೆ ವರ್ಷ. ಅಂದರೆ ಒಬ್ಬನನ್ನ 'ಸಾಮಾನು ತಗೊಂಡು ಬಾ' ಅಂತ ಕಳಿಸಿ, ಅವನು ವಾಪಸ್ ಬರೋವರೆಗೆ ಏಳೂವರೆ ವರ್ಷ ಬಾಗಿಲಲ್ಲೇ ನಿಂತ ಹಾಗೆ. ಅಷ್ಟು ಹೊತ್ತಿಗೆ ಒಂದು ಬಿಇ ಮುಗಿಸಿ, ಎರಡು ಕಂಪನಿ ಬದಲಾಯಿಸಿರಬಹುದು.

ಈಗ ದೋಸೆ. ಹಳೇ ಕಾಲದ ಹೋಟೆಲ್ ಒಂದನ್ನ ಊಹಿಸಿಕೊಳ್ಳಿ, ಒಂದು ಟೇಬಲ್ಲಿಗೆ ಒಬ್ಬ ಮಾಣಿ. ನೀವು ಮಸಾಲೆ ದೋಸೆ ಹೇಳುತ್ತೀರಿ. ಮಾಣಿ ಅಡುಗೆಮನೆಗೆ ಹೋಗಿ, ದೋಸೆ ಬೇಯುವವರೆಗೂ ಕಾವಲಿ ಪಕ್ಕದಲ್ಲೇ ಕೈಕಟ್ಟಿ ನಿಂತಿರುತ್ತಾನೆ. ಅವನಿಗೆ ಬೇರೆ ಕೆಲಸ ಇಲ್ಲ. ಗಿರಾಕಿ ನೂರು ಜನ ಬಂದರೆ ನೂರು ಮಾಣಿಗಳು ಬೇಕು, ಅವರೆಲ್ಲ ಸಂಬಳ ತಗೊಂಡು ಕಾವಲಿ ನೋಡುತ್ತಾ ನಿಂತಿರಬೇಕು. ಇದು ಥ್ರೆಡ್ ಪದ್ಧತಿ. ಇನ್ನು ನಮ್ಮ ದರ್ಶಿನಿ. ಕೌಂಟರ್‌ನಲ್ಲಿ ಒಬ್ಬನೇ ಒಬ್ಬ. ನಿಮ್ಮ ಬಿಲ್ ತಗೊಂಡು 'ಒಂದ್ ಮಸಾಲೆ!' ಅಂತ ಒಳಗೆ ಕೂಗಿ ತಕ್ಷಣ ಮುಂದಿನವರ ಬಿಲ್‌ಗೆ ಕೈ ಚಾಚುತ್ತಾನೆ. ದೋಸೆ ಆದಾಗ ಒಳಗಿನವರು ತಟ್ಟೆ ತಂದಿಡುತ್ತಾರೆ, ಇವನು ನಿಮ್ಮನ್ನ ಕರೆಯುತ್ತಾನೆ. ಒಬ್ಬನೇ ಇಡೀ ಬೆಳಗಿನ ರಶ್ ಸಂಭಾಳಿಸುತ್ತಾನೆ. ಇದೇ ಈವೆಂಟ್ ಲೂಪ್. ದೋಸೆ ಆದಮೇಲೆ ಕರೆಯೋದೇ ಕಾಲ್‌ಬ್ಯಾಕ್. (ಕೌಂಟರ್‌ನವನು ಮಧ್ಯೆ ಯಾರದೋ ಜೊತೆ ಕ್ರಿಕೆಟ್ ಚರ್ಚೆಗೆ ನಿಂತರೆ ಎಲ್ಲರ ದೋಸೆಯೂ ತಣ್ಣಗಾಗುತ್ತದೆ. ನೋಡ್‌ನ ದೊಡ್ಡ ದೌರ್ಬಲ್ಯವೂ ಅದೇ: ನಡುವೆ ಭಾರೀ ಲೆಕ್ಕಾಚಾರ ಮಾಡಲು ಕೂತರೆ ಎಲ್ಲವೂ ನಿಲ್ಲುತ್ತದೆ.)

ಇಷ್ಟು ಒಳ್ಳೇ ಪದ್ಧತಿ ಇದ್ದರೆ ಎಲ್ಲರೂ ಯಾಕೆ ಬಳಸುತ್ತಿಲ್ಲ? ಟಾಕ್‌ನ ಜೀವಾಳ ಅಂತ ನನಗನ್ನಿಸುವುದು ಈ ಪ್ರಶ್ನೆಯೇ. ಡಾಲ್ ಎರಡು ಕಾರಣ ಕೊಟ್ಟ. ಒಂದು ಸಂಸ್ಕಾರದ್ದು: ನಮಗೆ ಮೊದಲ ದಿನದಿಂದ ಪ್ರೋಗ್ರಾಮಿಂಗ್ ಕಲಿಸೋದೇ ತಪ್ಪಾಗಿ. 'ನಿಮ್ಮ ಹೆಸರು ಹೇಳಿ' ಅಂತ ಪ್ರಿಂಟ್ ಮಾಡು, ಅವರು ಟೈಪ್ ಮಾಡೋವರೆಗೂ ಕಾಯಿ, ಆಮೇಲೆ ಮುಂದಿನ ಸಾಲು. ಮೊದಲ ವರ್ಷದ ಬಿಇಯಲ್ಲಿ ಸಿ ಲ್ಯಾಬ್ ಮಾಡಿದ ಎಲ್ಲರಿಗೂ ಗೊತ್ತು, ಸ್ಕ್ಯಾನ್‌ಎಫ್ ಬರೆದು ಕರ್ಸರ್ ಮಿಣುಕೋದನ್ನ ನೋಡುತ್ತಾ ಕೂತಿದ್ದೇವೆ. ಕಾಯೋದೇ ಸಹಜ ಅಂತ ತಲೆಯಲ್ಲಿ ಕೂತುಬಿಡುತ್ತದೆ. ಎರಡನೇ ಕಾರಣ ಸಲಕರಣೆಯದು: ಇರುವ ಲೈಬ್ರರಿಗಳೆಲ್ಲ ಕಾಯಿಸುವಂಥವೇ. ಪೈಥಾನ್‌ನಲ್ಲಿ ಟ್ವಿಸ್ಟೆಡ್, ರೂಬಿಯಲ್ಲಿ ಈವೆಂಟ್‌ಮಷೀನ್ ಇದ್ದರೂ ಅವುಗಳ ಜೊತೆ ಬೇರೆ ಯಾವ ಲೈಬ್ರರಿ ಸೇರಿಸಿದರೂ ಅದು ಎಲ್ಲೋ ಒಂದು ಕಡೆ ನಿಂತು ಕಾಯುತ್ತದೆ, ಅಲ್ಲಿಗೆ ಎಲ್ಲ ಹಾಳು.

ಜಾವಾಸ್ಕ್ರಿಪ್ಟ್‌ಗೆ ಈ ಎರಡೂ ರೋಗ ಇರಲಿಲ್ಲ. ಬ್ರೌಸರ್‌ನಲ್ಲಿ ಬೆಳೆದ ಭಾಷೆ ಅದು. ಬಟನ್ ಒತ್ತಿದರೆ ಇದನ್ನ ಮಾಡು, ಪುಟ ಲೋಡ್ ಆದಮೇಲೆ ಅದನ್ನ ಮಾಡು ಅಂತ ಕಾಲ್‌ಬ್ಯಾಕ್‌ನಲ್ಲೇ ಯೋಚಿಸೋದು ಅದನ್ನ ಬರೆಯುವವರಿಗೆ ಅಭ್ಯಾಸ. ಇನ್ನು ಸರ್ವರ್ ಕಡೆ ಅದಕ್ಕೆ ಲೈಬ್ರರಿಗಳೇ ಇರಲಿಲ್ಲವಾದ್ದರಿಂದ ಕೆಟ್ಟ ಲೈಬ್ರರಿಗಳೂ ಇರಲಿಲ್ಲ! ಎಲ್ಲವನ್ನೂ ಹೊಸದಾಗಿ, ಕಾಯದ ಹಾಗೆ ಬರೆಯಬಹುದಿತ್ತು. ನೆಟ್‌ಸ್ಕೇಪ್‌ನವರಿಗೆ ಸರ್ವರ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸೋದೇ ಗುರಿಯಾಗಿತ್ತು. ಡಾಲ್‌ಗೆ ಗುರಿ ಈವೆಂಟ್ ಲೂಪ್, ಜಾವಾಸ್ಕ್ರಿಪ್ಟ್ ಅದಕ್ಕೆ ಸಿಕ್ಕಿದ ಸರಿಯಾದ ಪಾತ್ರೆ. ಈ ವ್ಯತ್ಯಾಸ ಬಹಳ ಮುಖ್ಯ.

ಕೊನೆಗೆ ಸಣ್ಣ ಸಣ್ಣ ಉದಾಹರಣೆಗಳು, ಒಂದು ಎಚ್‌ಟಿಟಿಪಿ ಸರ್ವರ್, ಆಮೇಲೆ ಜಾವಾಸ್ಕ್ರಿಪ್ಟ್‌ನಲ್ಲೇ ಬರೆದ ಐಆರ್‌ಸಿ ಚಾಟ್ ಸರ್ವರ್. ಸಭಿಕರು ಎದ್ದು ನಿಂತು ಚಪ್ಪಾಳೆ ತಟ್ಟಿದರು.

ನಡುವಿನ ವರ್ಷಗಳು

ಮುಂದಿನದು ವೇಗವಾಗಿ ನಡೆಯಿತು. ಜೋಯೆಂಟ್ ಅನ್ನೋ ಕ್ಲೌಡ್ ಕಂಪನಿ ಡಾಲ್‌ನನ್ನ ಕೆಲಸಕ್ಕೆ ತಗೊಂಡು ನೋಡ್ ಮೇಲೆಯೇ ಕೂರಿಸಿತು. 2010ರಲ್ಲಿ ಐಸಾಕ್ ಶ್ಲುಟರ್ ಎನ್‌ಪಿಎಮ್ ಅನ್ನೋ ಪ್ಯಾಕೇಜ್ ವ್ಯವಸ್ಥೆ ತಂದ. 2011ರಲ್ಲಿ ಮೈಕ್ರೋಸಾಫ್ಟ್‌ನ ಸಹಾಯದಿಂದ ನೋಡ್ ವಿಂಡೋಸ್‌ಗೂ ಬಂತು. ಅದೇ ವರ್ಷ ಲಿಂಕ್ಡ್‌ಇನ್ ತನ್ನ ಮೊಬೈಲ್ ಸರ್ವರ್‌ಗಳನ್ನ ರೈಲ್ಸ್‌ನಿಂದ ನೋಡ್‌ಗೆ ಬದಲಾಯಿಸಿತು. 2013ರ ಹೊತ್ತಿಗೆ ಪೇಪಾಲ್ ಕೂಡ.

ಇಂಥ ಸಮಯದಲ್ಲಿ, ಜನವರಿ 2012ರಲ್ಲಿ, ಡಾಲ್ ಚಾಲಕನ ಸೀಟಿನಿಂದ ಇಳಿದುಬಿಟ್ಟ! ಮೂರು ವರ್ಷ ಆಯಿತು, ಇನ್ನು ಸಂಶೋಧನೆ ಕಡೆ ಹೋಗುತ್ತೇನೆ, ನೋಡ್ ಉಸ್ತುವಾರಿ ಐಸಾಕ್‌ಗೆ ಅಂತ ಒಂದು ಸಣ್ಣ ಪ್ರಕಟಣೆ, ಅಷ್ಟೆ. ಮೂವತ್ತರ ಆಸುಪಾಸಿನ ವಯಸ್ಸಿಗೆ, ಹೆಸರು ಉತ್ತುಂಗದಲ್ಲಿರುವಾಗ. ನಮ್ಮಲ್ಲಿ ಟೀಮ್ ಲೀಡ್ ಕುರ್ಚಿಯನ್ನೇ ಯಾರೂ ಸುಲಭಕ್ಕೆ ಬಿಡೋದಿಲ್ಲ.

ಆತ ಹೋದಮೇಲೆ ಎಲ್ಲ ಸುಸೂತ್ರವಾಗಿಯೇನೂ ನಡೆಯಲಿಲ್ಲ. ಜೋಯೆಂಟ್‌ನ ಹಿಡಿತ, ನಿಧಾನಗತಿ ಇವುಗಳಿಂದ ಬೇಸತ್ತ ಕೋಡಿಗರು 2014ರ ಡಿಸೆಂಬರ್‌ನಲ್ಲಿ ಐಓ.ಜೆಎಸ್ ಅಂತ ಬೇರೆ ಮನೆ ಮಾಡಿದರು. 2015ರಲ್ಲಿ ನೋಡ್.ಜೆಎಸ್ ಪ್ರತಿಷ್ಠಾನ ಹುಟ್ಟಿ, ಎರಡೂ ಮನೆ ಒಂದಾಗಿ, ಸೆಪ್ಟೆಂಬರ್‌ನಲ್ಲಿ 4.0 ಆವೃತ್ತಿ ಬಂತು. 2016ರ ಮಾರ್ಚ್‌ನಲ್ಲಿ ಇನ್ನೊಂದು ತಮಾಷೆ. ಲೆಫ್ಟ್-ಪ್ಯಾಡ್ ಅನ್ನೋ 11 ಸಾಲಿನ ಪ್ಯಾಕೇಜ್ ಅನ್ನು ಅದನ್ನ ಬರೆದವನು ಸಿಟ್ಟಿನಿಂದ ಎನ್‌ಪಿಎಮ್‌ನಿಂದ ಕಿತ್ತುಹಾಕಿದ. ಜಗತ್ತಿನಾದ್ಯಂತ ಸಾವಿರಾರು ಪ್ರಾಜೆಕ್ಟ್‌ಗಳ ಬಿಲ್ಡ್ ಮುರಿದುಬಿತ್ತು. ಹನ್ನೊಂದು ಸಾಲು, ಮಾರಾಯ್ರೆ!

ಇತ್ತ ಡಾಲ್ ಬೇರೆ ದಾರಿ ಹಿಡಿದಿದ್ದ. ಮಷೀನ್ ಲರ್ನಿಂಗ್ ಕಡೆ ವಾಲಿ ಗೂಗಲ್ ಬ್ರೈನ್‌ನಲ್ಲಿ ಒಂದು ವರ್ಷದ ರೆಸಿಡೆನ್ಸಿಗೆ ಸೇರಿದ. ಅಂದರೆ ಲಕ್ಷಾಂತರ ಜನ ಬಳಸುವ ತಂತ್ರಾಂಶ ಕಟ್ಟಿದವನು ಹೊಸ ವಿಷಯದಲ್ಲಿ ಮತ್ತೆ ವಿದ್ಯಾರ್ಥಿಯ ಬೆಂಚಿನಲ್ಲಿ ಕೂತ. ಮಸುಕಾದ ಸಣ್ಣ ಚಿತ್ರದಿಂದ ಸ್ಪಷ್ಟವಾದ ದೊಡ್ಡ ಚಿತ್ರ ಊಹಿಸುವ ಬಗ್ಗೆ 2017ರಲ್ಲಿ ಸಹೋದ್ಯೋಗಿಗಳ ಜೊತೆ ಒಂದು ಪ್ರಬಂಧವನ್ನೂ ಬರೆದ.

ಎರಡನೇ ಟಾಕ್: ಜೂನ್ 2018

ಆಗ ನಾನು ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದೆ. ಪ್ರಾಜೆಕ್ಟ್‌ಗೆ ನೋಡ್ ಬಳಸುತ್ತಿದ್ದೆವು. ಹಾಸ್ಟೆಲ್ ಗೆಳೆಯನಿಗೆ ಪ್ರಾಜೆಕ್ಟ್ ಫೋಲ್ಡರ್ ಪೆನ್‌ಡ್ರೈವ್‌ನಲ್ಲಿ ಕಾಪಿ ಮಾಡಿಕೊಡೋಕೆ ಹಾಕಿ ಊಟಕ್ಕೆ ಹೋಗಿ ಬಂದರೂ ಮುಗಿದಿರುತ್ತಿರಲಿಲ್ಲ. ನಾವು ಬರೆದ ಕೋಡ್ ಹತ್ತು ಫೈಲ್, ನೋಡ್_ಮಾಡ್ಯೂಲ್ಸ್ ಅನ್ನೋ ಫೋಲ್ಡರ್‌ನಲ್ಲಿ ಇನ್ಯಾರೋ ಬರೆದ ಸಾವಿರಾರು ಫೈಲ್. ಆ ದಿನಗಳಲ್ಲೇ ಈ ವಿಡಿಯೋ ಎಲ್ಲರ ಫೋನಲ್ಲೂ ಓಡಾಡಿತು. ಹೆಸರು, 'ನೋಡ್.ಜೆಎಸ್ ಬಗ್ಗೆ ನಾನು ಪಶ್ಚಾತ್ತಾಪ ಪಡುವ ಹತ್ತು ವಿಷಯಗಳು' (ಸ್ಲೈಡ್ ಎಣಿಸಿದರೆ ಹತ್ತು ಸಿಗೋದಿಲ್ಲ, ಅದು ಬೇರೆ ಮಾತು).

ಪಟ್ಟಿ ನೋಡಿ. ಮೊದಲನೆಯದು ಪ್ರಾಮಿಸ್. ಕಾಲ್‌ಬ್ಯಾಕ್ ಒಳಗೆ ಕಾಲ್‌ಬ್ಯಾಕ್, ಅದರೊಳಗೆ ಇನ್ನೊಂದು ಅಂತ ಕೋಡ್ ಬಲಕ್ಕೆ ಜಾರುತ್ತಾ ಹೋಗುವ ಕಷ್ಟಕ್ಕೆ ಔಷಧ ಪ್ರಾಮಿಸ್. ಅದನ್ನ 2009ರ ಜೂನ್‌ನಲ್ಲಿ ಡಾಲ್ ಸೇರಿಸಿದ್ದ, 2010ರ ಫೆಬ್ರವರಿಯಲ್ಲಿ ತಾನೇ ತೆಗೆದುಹಾಕಿದ್ದ. ಇಟ್ಟುಕೊಂಡಿದ್ದರೆ ಇಡೀ ಸಮುದಾಯ ಎಷ್ಟೋ ಮುಂಚೆ ಒಂದೇ ರೀತಿಯಲ್ಲಿ ಬರೆಯಲು ಕಲಿಯುತ್ತಿತ್ತು.

ಎರಡನೆಯದು ಭದ್ರತೆ. ವಿ8 ಹುಟ್ಟಿದ್ದೇ ಬ್ರೌಸರ್‌ನಲ್ಲಿ, ಗೊತ್ತಿಲ್ಲದವರ ಕೋಡ್ ಅನ್ನು ಕಟ್ಟಿಹಾಕಿ ಓಡಿಸೋದಕ್ಕೆ. ಅಂಥ ಭದ್ರವಾದ ಕೋಣೆಯ ಗೋಡೆಯನ್ನ ನೋಡ್ ಒಡೆದುಹಾಕಿತು. ನೋಡ್‌ನಲ್ಲಿ ಓಡುವ ಯಾವ ಪ್ರೋಗ್ರಾಂ ಆದರೂ ನಿಮ್ಮ ಫೈಲ್ ಓದಬಹುದು, ನೆಟ್‌ವರ್ಕಿಗೆ ಹೋಗಬಹುದು. ಡಾಲ್ ಕೊಟ್ಟ ಉದಾಹರಣೆ ಲಿಂಟರ್‌ದು. ಕೋಡ್‌ನಲ್ಲಿ ಕಾಮಾ, ಸೆಮಿಕೋಲನ್ ಸರಿಯಿದೆಯಾ ಅಂತ ನೋಡುವ ಪಾಪದ ಪ್ರೋಗ್ರಾಂಗೆ ನಿಮ್ಮ ಇಡೀ ಕಂಪ್ಯೂಟರಿನ ಬೀಗದಕೈ ಯಾಕೆ ಬೇಕು? ಈ ಮಾತಾಡಿ ಒಂದೂವರೆ ತಿಂಗಳೂ ಆಗಿರಲಿಲ್ಲ. 2018ರ ಜುಲೈ 12ರಂದು ಇಎಸ್‌ಲಿಂಟ್‌ಗೆ ಸೇರಿದ ಒಂದು ಪ್ಯಾಕೇಜ್‌ನಲ್ಲೇ ಯಾರೋ ಕಳ್ಳ ಕೋಡ್ ತುರುಕಿ ಪ್ರೋಗ್ರಾಮರ್‌ಗಳ ಎನ್‌ಪಿಎಮ್ ಕೀಲಿಗಳನ್ನ ಕದಿಯಲು ಹೊರಟಿದ್ದರು. ಲಿಂಟರೇ! ಅದೇ ನವೆಂಬರ್‌ನಲ್ಲಿ ಈವೆಂಟ್-ಸ್ಟ್ರೀಮ್ ಅನ್ನೋ ಪ್ಯಾಕೇಜ್ ಮೂಲಕ ಬಿಟ್‌ಕಾಯಿನ್ ಪರ್ಸಿಗೆ ಕನ್ನ. 2025ರ ಸೆಪ್ಟೆಂಬರ್‌ನಲ್ಲಿ ಪ್ಯಾಕೇಜಿಂದ ಪ್ಯಾಕೇಜಿಗೆ ತಾನೇ ಹರಡುವ ಹುಳುವೇ ಎನ್‌ಪಿಎಮ್‌ಗೆ ಬಂತು.

ಆಮೇಲೆ ಜಿಪ್ ಅನ್ನೋ ಬಿಲ್ಡ್ ವ್ಯವಸ್ಥೆ. ಕ್ರೋಮ್‌ನವರು ಬಳಸುತ್ತಾರೆ ಅಂತ ನೋಡ್ ಅದನ್ನ ಹಿಡಿಯಿತು, ಕ್ರೋಮ್‌ನವರು ಅದನ್ನ ಬಿಟ್ಟು ಮುಂದೆ ಹೋದರು, ನೋಡ್ ಅಲ್ಲೇ ಉಳಿಯಿತು. ಆಮೇಲೆ ಪ್ಯಾಕೇಜ್.ಜೇಸನ್. ಆಮೇಲೆ ಫೈಲ್ ಹೆಸರಿನ ಕೊನೆಯಲ್ಲಿ .ಜೆಎಸ್ ಬರೆಯದಿದ್ದರೂ ನಡೆಯುತ್ತದೆ ಅನ್ನೋ ಸೌಲಭ್ಯ. ಅದು ಸುಲಭ ಅನ್ನಿಸುತ್ತದೆ, ಆದರೆ ಒಳಗೆ ಯಂತ್ರ ಆ ಫೈಲಾ, ಈ ಫೈಲಾ ಅಂತ ಹುಡುಕಾಡಬೇಕು. ಆಮೇಲೆ ಇಂಡೆಕ್ಸ್.ಜೆಎಸ್: ಇಂಡೆಕ್ಸ್.ಎಚ್‌ಟಿಎಂಎಲ್ ಇದೆಯಲ್ಲ, ಇದೂ ಮುದ್ದಾಗಿದೆ ಅಂತ ಹಾಕಿದ್ದಂತೆ! ಇನ್ನು ನಮ್ಮ ಪೆನ್‌ಡ್ರೈವ್ ಶತ್ರು ನೋಡ್_ಮಾಡ್ಯೂಲ್ಸ್. ಸೂರ್ಯ, ನ್ಯೂಟ್ರಾನ್ ನಕ್ಷತ್ರ, ಕಪ್ಪುರಂಧ್ರ, ಇವೆಲ್ಲಕ್ಕಿಂತ ಭಾರವಾದ ವಸ್ತು ನೋಡ್_ಮಾಡ್ಯೂಲ್ಸ್ ಅನ್ನೋ ಪ್ರಸಿದ್ಧ ಚಿತ್ರವನ್ನ ಆತ ತಾನೇ ಸ್ಲೈಡ್‌ನಲ್ಲಿ ಹಾಕಿದ್ದ. ಇದು ನನ್ನ ತಪ್ಪು, ಕ್ಷಮಿಸಿ, ಈಗ ಸರಿಪಡಿಸೋಕೂ ಆಗೋದಿಲ್ಲ ಅನ್ನೋ ಅರ್ಥದ ಮಾತು ಅಲ್ಲಿತ್ತು.

ನನ್ನನ್ನ ಹಿಡಿದಿಟ್ಟಿದ್ದು ಪಟ್ಟಿಗಿಂತ ಹೆಚ್ಚಾಗಿ ಅದರ ನಿಖರತೆ. 'ಇನ್ನೂ ಚೆನ್ನಾಗಿ ಮಾಡಬಹುದಿತ್ತು' ಅನ್ನೋ ತೇಲುಮಾತಲ್ಲ. ಇಂಥ ತಿಂಗಳು ಹಾಕಿದೆ, ಇಂಥ ತಿಂಗಳು ತೆಗೆದೆ, ಇದರಿಂದ ಇಂಥವರಿಗೆ ಇಂಥ ತೊಂದರೆ. ಬೇರೆಯವರ ಮೇಲೆ ಹಾಕಬಹುದಾಗಿದ್ದ ವಿಷಯಗಳೂ ಅದರಲ್ಲಿದ್ದವು. ಪ್ಯಾಕೇಜ್.ಜೇಸನ್ ಮೂಲತಃ ಐಸಾಕ್‌ನ ಕಲ್ಪನೆ. ಆದರೆ ಅದಕ್ಕೆ ನೋಡ್ ಒಳಗೆ ಜಾಗ ಕೊಟ್ಟವನು ನಾನು ಅಂತ ಡಾಲ್ ತನ್ನ ಖಾತೆಗೇ ಬರೆದುಕೊಂಡ.

ಆಮೇಲೆ ಏನಾಯಿತು

ಅದೇ ಟಾಕ್‌ನ ಕೊನೆಗೆ ಡೆನೋ ಅನ್ನೋ ಹೊಸ ತಂತ್ರಾಂಶದ ಮಾದರಿ ತೋರಿಸಿದ. ನೋಡ್ ಅನ್ನೋ ಇಂಗ್ಲಿಷ್ ಪದದ ಅಕ್ಷರಗಳನ್ನೇ ತಿರುಗಾಮುರುಗಾ ಮಾಡಿದ ಹೆಸರು. ಇದರಲ್ಲಿ ನೀವು ಅನುಮತಿ ಕೊಡದೆ ಪ್ರೋಗ್ರಾಂ ಫೈಲನ್ನೂ ಮುಟ್ಟುವಂತಿಲ್ಲ, ನೆಟ್‌ವರ್ಕನ್ನೂ ಮುಟ್ಟುವಂತಿಲ್ಲ. ನೋಡ್_ಮಾಡ್ಯೂಲ್ಸ್ ಇಲ್ಲ, ಪ್ಯಾಕೇಜ್.ಜೇಸನ್ ಇಲ್ಲ. ಮೊದಲು ಗೋ ಭಾಷೆಯಲ್ಲಿದ್ದದ್ದು ಆಮೇಲೆ ರಸ್ಟ್‌ಗೆ ಬದಲಾಯಿತು. 2020ರ ಮೇನಲ್ಲಿ 1.0, 2021ರಲ್ಲಿ ಅದಕ್ಕೊಂದು ಕಂಪನಿ.

ಆದರೆ ಜಗತ್ತು ನೋಡ್ ಬಿಟ್ಟು ಬರಲಿಲ್ಲ. ಎನ್‌ಪಿಎಮ್‌ನಲ್ಲಿದ್ದ ಲಕ್ಷಾಂತರ ಪ್ಯಾಕೇಜ್‌ಗಳನ್ನ ಬಿಟ್ಟು ಬರೋದು ಯಾರಿಗೂ ಬೇಕಿರಲಿಲ್ಲ. 2022ರಲ್ಲಿ ಡೆನೋ ಎನ್‌ಪಿಎಮ್ ಪ್ಯಾಕೇಜ್‌ಗಳನ್ನ ಒಪ್ಪಿಕೊಂಡಿತು. 2024ರ ಅಕ್ಟೋಬರ್‌ನಲ್ಲಿ ಬಂದ ಡೆನೋ 2, ಪ್ಯಾಕೇಜ್.ಜೇಸನ್ ಮತ್ತು ನೋಡ್_ಮಾಡ್ಯೂಲ್ಸ್ ಎರಡನ್ನೂ ಅರ್ಥ ಮಾಡಿಕೊಳ್ಳುತ್ತದೆ. ಬರ್ಲಿನ್ ವೇದಿಕೆಯ ಮೇಲೆ ಯಾವುದಕ್ಕೆ ಕ್ಷಮೆ ಕೇಳಿದ್ದನೋ ಅದನ್ನೇ ಕೈಹಿಡಿದು ಒಳಗೆ ಕರೆದುಕೊಳ್ಳಬೇಕಾಯಿತು. ಒಮ್ಮೆ ಜನ ನಡೆದು ನಡೆದು ದಾರಿಯಾದ ಮೇಲೆ, ದಾರಿ ತಪ್ಪು ಅಂತ ದಾರಿ ಮಾಡಿದವನೇ ಹೇಳಿದರೂ ಜನ ಕೇಳೋದಿಲ್ಲ.

ಹಾಗಂತ ಎರಡನೇ ಟಾಕ್ ವ್ಯರ್ಥ ಅನ್ನೋಕೂ ಆಗೋದಿಲ್ಲ. 2023ರ ಏಪ್ರಿಲ್‌ನಲ್ಲಿ ಬಂದ ನೋಡ್ 20ರಲ್ಲಿ ಅನುಮತಿ ವ್ಯವಸ್ಥೆ ಪ್ರಾಯೋಗಿಕವಾಗಿ ಸೇರಿತು. ಟೈಪ್‌ಸ್ಕ್ರಿಪ್ಟ್ ಅನ್ನು ನೇರವಾಗಿ ಓಡಿಸುವ ಸೌಲಭ್ಯ 2024ರಲ್ಲಿ ಬಂತು. ಡೆನೋ ನೋಡ್‌ನ ಹಾಗಾಯಿತು, ನೋಡ್ ಡೆನೋದ ಹಾಗಾಗುತ್ತಿದೆ.

ಈ ಚರಿತ್ರೆಯಲ್ಲಿ ಒಂದು ಎಚ್ಚರಿಕೆಯೂ ಇದೆ. ವೇದಿಕೆ ಮೇಲೆ ಕಂಡವನು ಡಾಲ್. ಆದರೆ ನೋಡ್‌ನ ತಳಪಾಯವಾದ ಲಿಬ್‌ಯುವಿಯಲ್ಲಿ ಬರ್ಟ್ ಬೆಲ್ಡರ್, ಬೆನ್ ನೋರ್ಡ್‌ಹಾಯ್ಸ್‌ರಂಥವರು ವರ್ಷಗಟ್ಟಲೆ ಬೆವರು ಹರಿಸಿದ್ದಾರೆ. ಐಓ.ಜೆಎಸ್ ಜಗಳ ಬಗೆಹರಿಸಿದವರು, ರಾತ್ರಿ ಕೂತು ಬಗ್ ಮುಚ್ಚಿದವರು, ಸೆಕ್ಯೂರಿಟಿ ಪ್ಯಾಚ್ ಬಿಟ್ಟವರು ನೂರಾರು ಜನ. ಅವರಲ್ಲಿ ಹೆಚ್ಚಿನವರಿಗೆ ಯಾರೂ ಎದ್ದು ನಿಂತು ಚಪ್ಪಾಳೆ ತಟ್ಟಿಲ್ಲ.

ಇದನ್ನೆಲ್ಲ ಯಾಕೆ ಬರೆದೆ ಅಂದರೆ, ಈ ವರ್ಷದ ಅಪ್ರೈಸಲ್‌ನಲ್ಲಿ ನನಗೂ 'ವಿಸಿಬಿಲಿಟಿ ಸಾಲದು, ಟಾಕ್ ಕೊಡು' ಅನ್ನೋ ಷರಾ ಸಿಕ್ಕಿದೆ. ಸಲಹೆ ಒಳ್ಳೇದೇ. ಆದರೆ ಡಾಲ್‌ನ ಕತೆಯಲ್ಲಿ ಕ್ರಮ ತಿರುವುಮುರುವಾಗಿದೆ ಅನ್ನೋದನ್ನ ಗಮನಿಸಿ. ಟಾಕ್ ಕೊಟ್ಟಿದ್ದರಿಂದ ನೋಡ್ ಆಗಲಿಲ್ಲ, ಎರಡು ವರ್ಷ ಒಂದು ಪ್ರೋಗ್ರೆಸ್ ಬಾರ್ ಹಿಂದೆ ಬಿದ್ದು ನೋಡ್ ಮಾಡಿದ್ದರಿಂದ ಹೇಳೋಕೆ ಏನೋ ಇತ್ತು. ಎರಡನೇ ಟಾಕ್‌ಗೆ ಅದಕ್ಕಿಂತ ದೊಡ್ಡ ತಯಾರಿ ಬೇಕಾಯಿತು: ಎಂಟೂವರೆ ವರ್ಷ, ಕುರ್ಚಿ ಬಿಟ್ಟು ಇಳಿಯೋದು, ತಾನು ಕಟ್ಟಿದ್ದನ್ನ ಬೇರೆಯವರ ಹಾಗೆ ಬಳಸಿ ನೋಡೋದು. ನಮ್ಮ ಕಂಪನಿಗಳ ಅಪ್ರೈಸಲ್ ಫಾರ್ಮಿನಲ್ಲಿ 'ನಾನು ಮಾಡಿದ ಈ ನಿರ್ಧಾರ ತಪ್ಪಾಗಿತ್ತು' ಅಂತ ಬರೆಯೋಕೆ ಒಂದು ಕಾಲಂ ಇಲ್ಲ. 'ಸುಧಾರಿಸಬೇಕಾದ ಅಂಶ' ಅನ್ನೋ ಜಾಗದಲ್ಲಿ ಎಲ್ಲರೂ ಜಾಣತನದಿಂದ 'ಕೆಲಸ ಜಾಸ್ತಿ ಮೈಮೇಲೆ ಹಾಕ್ಕೋತೀನಿ' ಅಂತ ಬರೆಯುತ್ತಾರೆ :-) ಆಮೇಲೆ ಅದೇ ಹಳೇ ಡಿಸೈನ್ ಹೊತ್ತುಕೊಂಡು ಹೊಸಬರು ಐದು ವರ್ಷ ಏಗುತ್ತಾರೆ, ಯಾಕೆ ಹೀಗಿದೆ ಅಂತ ಹೇಳುವವರಿರೋದಿಲ್ಲ.

ಜೆಎಸ್‌ಕಾನ್ಫ್ ಯುರೋಪ್ 2019ರಲ್ಲಿ ಕೊನೆಯ ಬಾರಿ ನಡೆದು ನಿಂತುಹೋಯಿತು. ಎರಡೂ ವಿಡಿಯೋಗಳು ಮಾತ್ರ ಉಳಿದಿವೆ. ಒಂದು ಭಾನುವಾರ ಎರಡನ್ನೂ ಒಂದರ ಹಿಂದೆ ಒಂದು ನೋಡಿ. ಹೊಸದಾಗಿ ಕೆಲಸಕ್ಕೆ ಸೇರಿದ ತಮ್ಮಂದಿರಿಗೆ, ತಂಗಿಯರಿಗೆ ನಾನು ಹೇಳೋದಿಷ್ಟೆ: ಮೊದಲನೆಯದನ್ನ ನೋಡಿದಾಗ ನೋಡ್ ಕಲಿಯಬೇಕು ಅನ್ನಿಸುತ್ತದೆ, ಕಲಿಯಿರಿ. ಎರಡನೆಯದನ್ನ ನೋಡುವಾಗ ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಳ್ಳಿ, ನೀವು ಬರೆದ ಕೋಡ್‌ನ ಪಟ್ಟಿ ತಾನಾಗಿಯೇ ಶುರುವಾಗುತ್ತದೆ.